ಬಡ್ಡಿ, ಕಸುಬು ಮತ್ತು ಮಿಕ್ಕ ಹಣ

ಕೇಳುಗರಿಗೆ ನಮಸ್ಕಾರ. ಕ್ಯಾಥೊಲಿಕರು ಬಡ್ಡಿಯನ್ನು ಪಾಪ ಎಂದರು, ಪ್ರೊಟೆಸ್ಟೆಂಟರು ಒಪ್ಪಿಕೊಂಡರು, ಅದಕ್ಕೇ ಹಣವಂತರಾದರು ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಬಡ್ಡಿ ವ್ಯಾಪಾರಿ ಸತ್ತರೆ ಅವನಿಗೆ ಚರ್ಚಿನ ಶವಸಂಸ್ಕಾರ ಇಲ್ಲ ಎಂದು 1179ರಲ್ಲಿ ಕ್ಯಾಥೊಲಿಕ್ ಚರ್ಚಿನ ಲ್ಯಾಟರನ್ ಮಹಾಸಭೆ ಹೇಳಿದ್ದು ನಿಜ. ಆದರೆ 1462ರಲ್ಲಿ ಇಟಲಿಯ ಪೆರೂಜಾದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳೇ ಮುಂದೆ ನಿಂತು ಬಡವರಿಗೆಂದು ಗಿರವಿ ಅಂಗಡಿ ತೆರೆಸಿದರು. ಮೊಂತೆ ದಿ ಪಿಯೆತಾ ಎಂದು ಅದರ ಹೆಸರು. ಬಟ್ಟೆಯನ್ನೋ ಪಾತ್ರೆಯನ್ನೋ ಇಟ್ಟರೆ ಅದರ ಬೆಲೆಗಿಂತ ಕಡಿಮೆ ಸಾಲ, ಕೈಗೊಂದು ಚೀಟಿ. ಗಡುವಿನೊಳಗೆ ಬಿಡಿಸಿಕೊಳ್ಳದಿದ್ದರೆ ಹರಾಜು. ಸಾಲ, ಖರ್ಚು ಕಳೆದು ಮಿಕ್ಕದ್ದು ಒತ್ತೆ ಇಟ್ಟವನಿಗೇ ವಾಪಸು. ಗುಮಾಸ್ತರ ಸಂಬಳಕ್ಕೆಂದು ಅಸಲಿನ ಮೇಲೆ ತುಸು ವಸೂಲು ಮಾಡುತ್ತಿದ್ದರು. ಅದೂ ಬಡ್ಡಿಯೇ ಅಲ್ಲವೇ ಎಂಬ ಜಗಳ ಐವತ್ತು ವರ್ಷ ನಡೆಯಿತು. ಕೊನೆಗೆ 1515ರಲ್ಲಿ ಪೋಪ್ ಹತ್ತನೇ ಲಿಯೋ ಒಪ್ಪಿಗೆ ಕೊಟ್ಟರು.

ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ಚರ್ಚಿನ ವಿರುದ್ಧ ದನಿಯೆತ್ತಿದ್ದು ಅದಾದ ಎರಡು ವರ್ಷಕ್ಕೆ. ಆ ಲೂಥರನೇ ಬಡ್ಡಿಯನ್ನು ಕಟುವಾಗಿ ಬೈದವನು. ಬಡ್ಡಿಗೆ ದಾರಿ ಮಾಡಿಕೊಟ್ಟವನು ಜಿನೀವಾದ ಪ್ರೊಟೆಸ್ಟೆಂಟ್ ಗುರು ಕ್ಯಾಲ್ವಿನ್: ದುಡಿಮೆಗೆ ಹಾಕುವ ಹಣಕ್ಕೆ ಬಡ್ಡಿ ಸರಿ, ಹೊಟ್ಟೆಪಾಡಿಗೆ ಕೈಚಾಚಿದ ಬಡವನಿಂದ ಕೂಡದು. ಅವನ ಕಾಲದ ಜಿನೀವಾ ನೂರಕ್ಕೆ 5ರ ಮಿತಿ ಹಾಕಿತ್ತು.

ನನ್ನ ಪ್ರಕಾರ ನಿಜವಾದ ವ್ಯತ್ಯಾಸ ಇರುವುದು ಕಸುಬಿಗೆ ಕೊಟ್ಟ ಸ್ಥಾನದಲ್ಲಿ, ಮಿಕ್ಕ ಹಣ ಹರಿದ ದಿಕ್ಕಿನಲ್ಲಿ. ಮಧ್ಯಯುಗದಲ್ಲಿ ದೇವರ ಕರೆ ಎಂದರೆ ಮುಖ್ಯವಾಗಿ ಮಠ, ಪಾದ್ರಿತನ. ಲೂಥರ್ ಕರೆ ಎಂಬರ್ಥದ ‘ಬೆರೂಫ್’ ಎಂಬ ಜರ್ಮನ್ ಮಾತನ್ನು ಚಮ್ಮಾರನ ಕೆಲಸಕ್ಕೂ ಮನೆಯಾಳಿನ ಕೆಲಸಕ್ಕೂ ಸಲ್ಲಿಸಿದ. ನಮಗೆ ಕೂಡಲೇ ಕಾಯಕ ನೆನಪಾಗುತ್ತದೆ. ಹೋಲಿಕೆ ಅಲ್ಲಿಯವರೆಗೆ ಸರಿ. ಆದರೆ ಮಾರಯ್ಯ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬನ್ನಿ ಎಂದಳು. ಇಂಗ್ಲೆಂಡಿನ ಪ್ಯೂರಿಟನ್, ಅಂದರೆ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್, ವರ್ತಕ ಹೆಚ್ಚಾದದ್ದನ್ನು ಸುರಿಯಬೇಕಿರಲಿಲ್ಲ, ಮೋಜಿಗೆ ಕಳೆಯುವಂತೆಯೂ ಇರಲಿಲ್ಲ. ಅದು ಮತ್ತೆ ವ್ಯಾಪಾರಕ್ಕೇ ಹೋಯಿತು. ಕ್ಯಾಥೊಲಿಕ್ ವರ್ತಕನಾದರೋ ಉಯಿಲಿನಲ್ಲಿ ಒಂದು ಪಾಲನ್ನು ಆಸ್ಪತ್ರೆಗೆ, ತನ್ನ ಆತ್ಮದ ಬಿಡುಗಡೆಗಾಗಿ ನಡೆಯುವ ಪೂಜೆಗಳಿಗೆ ಬರೆದಿಡುತ್ತಿದ್ದ. ಸತ್ತವರ ಆತ್ಮ ಶುದ್ಧವಾಗುವ ಲೋಕವೊಂದಿದೆ ಎಂಬ ನಂಬಿಕೆಯನ್ನೇ ಪ್ರೊಟೆಸ್ಟೆಂಟರು ಕೈಬಿಟ್ಟದ್ದರಿಂದ ಆ ಪೂಜೆಗಳ ಖರ್ಚೂ ನಿಂತಿತು.

ಈ ಶಿಸ್ತೇ ಬಂಡವಾಳಶಾಹಿಯ ಮನೋಧರ್ಮವನ್ನು ರೂಪಿಸಿತೆಂದು 1904-05ರಲ್ಲಿ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ವಾದಿಸಿದ. ಆದರೆ ಮೆದಿಚಿ ಬ್ಯಾಂಕು ಹುಟ್ಟಿದ್ದು 1397ರಲ್ಲಿ, ಕ್ಯಾಥೊಲಿಕ್ ಫ್ಲಾರೆನ್ಸಿನಲ್ಲಿ. ಜಮಾ-ಖರ್ಚಿನ ಜೋಡಿ ನಮೂದನ್ನು 1494ರಲ್ಲಿ ಅಚ್ಚಿಗೆ ತಂದ ಲೂಕಾ ಪಚೋಲಿ ಒಬ್ಬ ಸನ್ಯಾಸಿ. ಪ್ರೊಟೆಸ್ಟೆಂಟರ ಏಳಿಗೆಗೆ ಇನ್ನೊಂದು ಕಾರಣವನ್ನು ಅರ್ಥಶಾಸ್ತ್ರಜ್ಞರಾದ ಬೆಕರ್ ಮತ್ತು ವೋಸ್‌ಮನ್ 2009ರಲ್ಲಿ ಮುಂದಿಟ್ಟರು. 19ನೇ ಶತಮಾನದ ಪ್ರಷ್ಯಾದಲ್ಲಿ ಪ್ರೊಟೆಸ್ಟೆಂಟ್ ಜಿಲ್ಲೆಗಳು ಮುಂದಿದ್ದವು, ಹೌದು. ಅಕ್ಷರ ಬಲ್ಲವರ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಅಂತರದ ಬಹುಪಾಲು ಕರಗುತ್ತದೆ. ಬೈಬಲನ್ನು ಪ್ರತಿಯೊಬ್ಬರೂ ತಾವೇ ಓದಬೇಕೆಂದು ಲೂಥರ್ ಹಠ ಹಿಡಿದಿದ್ದ. ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳಿಗೂ ಶಾಲೆ ಬೇಕೆಂದಿದ್ದ.