ರೋಗಿಯ ಹಾಸಿಗೆಯಿಂದ ಕಂಡ ಆಸ್ಪತ್ರೆ: ಬೋನ್ ನಗರದ ಓತೆಲ್ ದ್ಯೂ

ಸಭೆಯಲ್ಲಿರುವ ಹಿರಿಯರೇ, ವೈದ್ಯ ಮಿತ್ರರೇ, ಶುಶ್ರೂಷಾ ವಿದ್ಯಾರ್ಥಿಗಳೇ,

ಫ್ರಾನ್ಸಿನ ಬರ್ಗಂಡಿ ಸೀಮೆಯ ಬೋನ್ ಎಂಬ ಸಣ್ಣ ಊರಿನಲ್ಲಿ 1443ರ ಆಗಸ್ಟ್ 4ರಂದು ಸ್ಥಾಪನೆಯಾಗಿ, 1452ರ ಜನವರಿ 1ರಂದು ಮೊದಲ ರೋಗಿಯನ್ನು ಒಳಗೆ ಕರೆದುಕೊಂಡು, 1971ರವರೆಗೂ ಆಸ್ಪತ್ರೆಯಾಗಿಯೇ ಬಾಳಿದ ಓತೆಲ್ ದ್ಯೂ ಎಂಬ ಕಟ್ಟಡದ ಬಗ್ಗೆ ಇಂದು ಮಾತನಾಡುತ್ತೇನೆ. ಅದು ಈಗ ವೈದ್ಯಕೀಯ ಇತಿಹಾಸದ ವಸ್ತುಸಂಗ್ರಹಾಲಯ. ಇಂಥ ಸಂಗ್ರಹಾಲಯಕ್ಕೆ ಹೋದವರ ಕಣ್ಣು ಸಾಮಾನ್ಯವಾಗಿ ಮೊದಲು ಹೊರಳುವುದು ಗಾಜಿನ ಪೆಟ್ಟಿಗೆಯೊಳಗಿನ ಗರಗಸಗಳ ಕಡೆಗೆ, ತಲೆಬುರುಡೆ ಕೊರೆಯುವ ಉಪಕರಣಗಳ ಕಡೆಗೆ. ಅವು ಇಲ್ಲಿಯೂ ಇವೆ. ಆದರೆ ರೋಗವನ್ನು ವಾಸಿಮಾಡುವ ಶಕ್ತಿ ವೈದ್ಯನಲ್ಲಿ ಬಹಳ ಕಡಿಮೆ ಇದ್ದ ಕಾಲದ ಆಸ್ಪತ್ರೆಯನ್ನು ಅದರ ಹತ್ಯಾರುಗಳಿಂದ ಅಳೆಯುವುದು ಸರಿಯಲ್ಲ. ಅಲ್ಲಿ ನೋಡಬೇಕಾದದ್ದು ಹಾಸಿಗೆಯನ್ನು, ಮತ್ತು ಹಾಸಿಗೆಯ ಮೇಲೆ ಮಲಗಿದವನ ಕಣ್ಣಿಗೆ ಏನು ಕಾಣುತ್ತಿತ್ತು ಎಂಬುದನ್ನು. ನನ್ನ ಇಂದಿನ ಮಾತೆಲ್ಲ ಈ ಒಂದು ಒತ್ತಾಯದ ಸುತ್ತಲೇ ಇದೆ.

ಕಟ್ಟಿಸಿದವನು ನಿಕೊಲಾ ರೋಲಾಂ. ಬರ್ಗಂಡಿಯ ಡ್ಯೂಕ್ ಫಿಲಿಪ್‌ನ ಪ್ರಧಾನಮಂತ್ರಿಯಂತಿದ್ದ ಚಾನ್ಸಲರ್. ಫ್ರಾನ್ಸಿನ ದೊರೆಗೂ ಬರ್ಗಂಡಿಗೂ ನಡುವೆ 1435ರಲ್ಲಿ ಅರಾಸ್‌ನಲ್ಲಿ ಆದ ಒಪ್ಪಂದದ ಹಿಂದೆ ದುಡಿದವರಲ್ಲಿ ಅವನೂ ಒಬ್ಬ. ಒಪ್ಪಂದವೇನೋ ಆಯಿತು, ಆದರೆ ಸಂಬಳವಿಲ್ಲದೆ ಉಳಿದ ಸೈನಿಕರು ಗುಂಪು ಕಟ್ಟಿಕೊಂಡು ಹಳ್ಳಿಗಳನ್ನು ಸುಲಿಯತೊಡಗಿದರು, ಅದರ ಬೆನ್ನಿಗೇ ಬರವೂ ಬಂತು. ಬೋನ್ ಸುತ್ತಮುತ್ತಲಿನ ಬಡವರಿಗಾಗಿ ರೋಲಾಂ ಮತ್ತು ಅವನ ಮೂರನೆಯ ಹೆಂಡತಿ ಗಿಗೋನ್ ದ ಸಲಾಂ ಈ ಆಸ್ಪತ್ರೆಯನ್ನು ನಿಲ್ಲಿಸಿದ್ದು ಆ ದಿನಗಳಲ್ಲಿ. ನೆಲದ ಹೆಂಚುಗಳ ಮೇಲೆ ಇಬ್ಬರ ಹೆಸರಿನ ಮೊದಲಕ್ಷರಗಳು ಹೆಣೆದುಕೊಂಡಿವೆ, ಪಕ್ಕದಲ್ಲಿ ಒಂದು ನಕ್ಷತ್ರವಿದೆ. ರೋಲಾಂ 1462ರಲ್ಲಿ ತೀರಿಕೊಂಡ. ಗಿಗೋನ್ 1470ರವರೆಗೆ ಬದುಕಿದ್ದು, ತೀರಿಕೊಂಡ ಮೇಲೆ ಆಸ್ಪತ್ರೆಯ ಪ್ರಾರ್ಥನಾಮಂದಿರದಲ್ಲಿಯೇ ಮಣ್ಣಾದಳು.

ಅಂಗಳದಿಂದ ನೋಡುವವರನ್ನು ಕೆಂಪು, ಹಳದಿ, ಹಸಿರು, ಕಂದು ಬಣ್ಣದ ಹೊಳೆಯುವ ಹೆಂಚಿನ ಮಾಡು ತಡೆದು ನಿಲ್ಲಿಸುತ್ತದೆ. ಪ್ರವಾಸಿಗರ ಚಿತ್ರಗಳಲ್ಲಿ ಕಾಣುವುದೆಲ್ಲ ಅದೇ. ಆದರೆ ಇಂದು ಕಾಣುವ ವಿನ್ಯಾಸ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೊಸದಾಗಿ ಹೊದಿಸಿದ್ದು. ಆದ್ದರಿಂದ ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಒಳಗೆ ಹೋಗೋಣ.

ಬಡವರ ದೊಡ್ಡ ಸಭಾಂಗಣ ಸುಮಾರು 50 ಮೀಟರ್ ಉದ್ದ, 14 ಮೀಟರ್ ಅಗಲ, 16 ಮೀಟರ್ ಎತ್ತರ. ಚಾವಣಿ ಬೋರಲು ಹಾಕಿದ ದೋಣಿಯ ಹಾಗೆ ಬಾಗಿದೆ. ಅಡ್ಡತೊಲೆಗಳ ತುದಿಗಳನ್ನು ಬಣ್ಣ ಬಳಿದ ಡ್ರ್ಯಾಗನ್ ಬಾಯಿಗಳು ಕಚ್ಚಿ ಹಿಡಿದಿವೆ. ಎರಡೂ ಗೋಡೆಗಳ ಉದ್ದಕ್ಕೆ 28 ಹಾಸಿಗೆಗಳು, ಪ್ರತಿಯೊಂದಕ್ಕೂ ಮರದ ಚೌಕಟ್ಟು, ಕೆಂಪು ಪರದೆ, ಪಕ್ಕದಲ್ಲಿ ಕುರ್ಚಿ, ತವರದ ಹೂಜಿ ಮತ್ತು ಬಟ್ಟಲು. ಒಂದು ಹಾಸಿಗೆಯಲ್ಲಿ ಇಬ್ಬರು ರೋಗಿಗಳನ್ನು ಮಲಗಿಸುತ್ತಿದ್ದರು. ಇದನ್ನು ಕೇಳಿದರೆ ಇಂದಿನ ವೈದ್ಯರಿಗೆ ಸೋಂಕಿನ ಯೋಚನೆ ಬರುವುದು ಸಹಜ. ಆದರೆ ಬೆಚ್ಚಗಿನ ಹೊದಿಕೆಯನ್ನೇ ಕಾಣದ ಬಡವನಿಗೆ ಚಳಿಗಾಲದ ಬರ್ಗಂಡಿಯಲ್ಲಿ ಪರದೆಯೊಳಗೆ ಮತ್ತೊಂದು ಮೈಯ ಕಾವು ಸಿಗುವುದು ಶಿಕ್ಷೆಯಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾವು ನೋಡುವ ಈ ಹಾಸಿಗೆಗಳ ಸಾಲನ್ನು ಇಂದಿನ ರೂಪಕ್ಕೆ ತಂದದ್ದು 1875ರ ಸುಮಾರಿಗೆ ನಡೆದ ಜೀರ್ಣೋದ್ಧಾರ. ಅದರ ಹೊಣೆ ಹೊತ್ತವನು ಮೋರೀಸ್ ಊರಾದೂ ಎಂಬ ವಾಸ್ತುಶಿಲ್ಪಿ. ಅಂದರೆ ಮಧ್ಯಯುಗವನ್ನು ನಾವು ಹತ್ತೊಂಬತ್ತನೆಯ ಶತಮಾನದ ಕಣ್ಣಿನ ಮೂಲಕ ನೋಡುತ್ತಿದ್ದೇವೆ. ಅದು ತಪ್ಪೇನಲ್ಲ, ಆದರೆ ನೋಡುವವರಿಗೆ ಗೊತ್ತಿರಬೇಕು.

ಸಭಾಂಗಣದ ಕೊನೆಯಲ್ಲಿ ಮರದ ಜಾಲರಿಯ ಆಚೆಗೆ ಪ್ರಾರ್ಥನಾಮಂದಿರವಿದೆ. ನಡುವೆ ಗೋಡೆಯಿಲ್ಲ. ಏಳಲಾರದ ರೋಗಿ ಮಲಗಿದಲ್ಲಿಂದಲೇ ಪೂಜೆಯನ್ನು ಕೇಳಬಹುದಾಗಿತ್ತು. ಅಲ್ಲಿನ ಪೂಜಾಪೀಠದ ಮೇಲಿರಲೆಂದು ರೋಲಾಂ ಆ ಕಾಲದ ಹೆಸರಾಂತ ಚಿತ್ರಕಾರ ರೊಗಿಯರ್ ವಾನ್ ಡರ್ ವೇಡನ್‌ನಿಂದ ಅಂತಿಮ ತೀರ್ಪಿನ, ಅಂದರೆ ಲೋಕದ ಕೊನೆಯಲ್ಲಿ ಕ್ರಿಸ್ತ ಎಲ್ಲರ ಪಾಪಪುಣ್ಯಕ್ಕೆ ತೀರ್ಪು ಕೊಡುವ ದೃಶ್ಯದ, ಮಡಿಕೆಚಿತ್ರವನ್ನು (ಬಾಗಿಲುಗಳಂತೆ ತೆರೆದು ಮುಚ್ಚುವ ಹಲಗೆಗಳ ಚಿತ್ರವನ್ನು) ಬರೆಸಿದ. ಇದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದು ನನ್ನ ಕೋರಿಕೆ. ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಬಾಗಿಲುಗಳನ್ನು ತೆರೆದಾಗ ಕಾಮನಬಿಲ್ಲಿನ ಮೇಲೆ ಕುಳಿತ ಕ್ರಿಸ್ತ, ಅವನ ಕೆಳಗೆ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುವ ಮೈಕೇಲ ದೇವದೂತ, ಒಂದು ಕಡೆ ಸ್ವರ್ಗದ ಬಾಗಿಲು, ಇನ್ನೊಂದು ಕಡೆ ನರಕಕ್ಕೆ ಉರುಳುವವರು, ಇಷ್ಟೂ ಬಂಗಾರ ಮತ್ತು ಕೆಂಪಿನಲ್ಲಿ ಕಾಣುತ್ತಿದ್ದವು. ನರಕದ ಭಾಗದಲ್ಲಿ ಚಿತ್ರಕಾರ ದೆವ್ವಗಳನ್ನು ಬರೆದಿಲ್ಲ. ಪಾಪಿಗಳು ತಮ್ಮ ಭಾರಕ್ಕೆ ತಾವೇ ಕುಸಿಯುತ್ತಾರೆ.

ಉಳಿದ ದಿನಗಳಲ್ಲಿ ಚಿತ್ರ ಮುಚ್ಚಿರುತ್ತಿತ್ತು. ಆಗ ರೋಗಿಗೆ ಕಾಣುತ್ತಿದ್ದುದು ಹೊರಬದಿ: ಮಂಡಿಯೂರಿದ ರೋಲಾಂ, ಮಂಡಿಯೂರಿದ ಗಿಗೋನ್, ಅವರ ನಡುವೆ ಕಲ್ಲಿನ ಮೂರ್ತಿಗಳಂತೆ ಬೂದು ಬಣ್ಣದಲ್ಲಿ ಬರೆದ ಸಂತ ಸೆಬಾಸ್ಟಿಯನ್ ಮತ್ತು ಸಂತ ಆಂಟನಿ. ಈ ಇಬ್ಬರು ಸಂತರನ್ನು ಆರಿಸಿದ್ದು ಆಕಸ್ಮಿಕವಲ್ಲ. ಸೆಬಾಸ್ಟಿಯನ್ ಪ್ಲೇಗಿನಿಂದ ಕಾಪಾಡುವವನು ಎಂದು ಜನ ನಂಬಿದ್ದರು. ಆಂಟನಿಯ ಹೆಸರಿನಲ್ಲಿ ಒಂದು ರೋಗವೇ ಇತ್ತು, ಆಂಟನಿಯ ಬೆಂಕಿ. ರೈ ಧಾನ್ಯದ ತೆನೆಗೆ ತಗಲುವ ಎರ್ಗಟ್ ಶಿಲೀಂಧ್ರ ಹಿಟ್ಟಿನೊಡನೆ ಹೊಟ್ಟೆ ಸೇರಿದರೆ ರಕ್ತನಾಳಗಳು ಕುಗ್ಗಿ, ಕೈಕಾಲು ಸುಟ್ಟಂತೆ ಉರಿದು, ಕೊನೆಗೆ ಕಪ್ಪಾಗಿ ಕೊಳೆಯುತ್ತಿದ್ದವು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಆದರೂ ಕೆಟ್ಟ ರೊಟ್ಟಿಯನ್ನು ಬಿಟ್ಟು ಆಸ್ಪತ್ರೆಯ ಒಳ್ಳೆಯ ರೊಟ್ಟಿ ತಿಂದವರಲ್ಲಿ ರೋಗ ಮುಂದುವರಿಯುವುದು ನಿಲ್ಲುವ ಸಾಧ್ಯತೆಯಿತ್ತು. ಅಡುಗೆಮನೆಯ ಕೆಲಸ ಔಷಧದ ಕೆಲಸವನ್ನೂ ಮಾಡುತ್ತಿದ್ದ ಸ್ಪಷ್ಟ ಉದಾಹರಣೆ ಇದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಚಿತ್ರದ ಹಲಗೆಗಳನ್ನು ದಪ್ಪದಲ್ಲಿ ಸೀಳಿ, ಎರಡೂ ಮುಖಗಳು ಏಕಕಾಲಕ್ಕೆ ಕಾಣುವ ಹಾಗೆ ಮಾಡಿದರು. ಈಗ ಅದನ್ನು ಸಭಾಂಗಣದಿಂದ ಬೇರೆಯಾಗಿ, ಮಂದ ಬೆಳಕಿನ ಕೋಣೆಯೊಂದರಲ್ಲಿ ಇಟ್ಟಿದ್ದಾರೆ. ಚಿತ್ರದ ರಕ್ಷಣೆಗೆ ಅದು ಬೇಕು, ಒಪ್ಪುತ್ತೇನೆ. ಆದರೆ ವಾರವಿಡೀ ಬೂದು ಸಂತರನ್ನು ನೋಡುತ್ತಾ ಮಲಗಿದ್ದವನಿಗೆ ಭಾನುವಾರ ಬಂಗಾರದ ಬೆಳಕು ತೆರೆದುಕೊಳ್ಳುವ ಆ ಕಾಯುವಿಕೆ ಇಂದಿನ ಪ್ರದರ್ಶನದಲ್ಲಿ ಇಲ್ಲವಾಗಿದೆ. ಸಂಗ್ರಹಾಲಯ ಹೋಗಲಾಡಿಸಿದ ಈ ಕ್ರಮವನ್ನು ನೋಡುವವರು ತಮ್ಮ ಮನಸ್ಸಿನಲ್ಲಿ ಮತ್ತೆ ಕಟ್ಟಿಕೊಳ್ಳಬೇಕು.

ಸಾವಿನ ಅಂಚಿನಲ್ಲಿದ್ದವರಿಗೆ ಸಂತ ನಿಕೊಲಾಸನ ಹೆಸರಿನ ಬೇರೆ ಕೋಣೆಯಿತ್ತು. ಅಲ್ಲಿ ನೆಲಕ್ಕೆ ಕೂರಿಸಿದ ಗಾಜಿನ ಹಲಗೆಯೊಂದರ ಮೂಲಕ ಕಟ್ಟಡದ ಅಡಿಯಲ್ಲಿ ಹರಿಯುವ ಬೂಜೇಜ್ ತೊರೆ ಕಾಣುತ್ತದೆ. ಆಸ್ಪತ್ರೆಯ ಹೊಲಸೆಲ್ಲ ಈ ನೀರಿನಲ್ಲಿ ಸಾಗಿಹೋಗುತ್ತಿತ್ತು. ಕಟ್ಟಡದ ಜಾಗವನ್ನು ಆರಿಸುವಾಗ ಹರಿಯುವ ನೀರನ್ನು ಗಮನಿಸಿದ್ದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. 1658ರಲ್ಲಿ ಇಲ್ಲಿಗೆ ಬಂದ ಹದಿನಾಲ್ಕನೆಯ ಲೂಯಿ ದೊರೆ ಗಂಡಸರು ಹೆಂಗಸರು ಒಂದೇ ಕೋಣೆಯಲ್ಲಿರುವುದನ್ನು ಕಂಡು, ಬೇರೆ ವ್ಯವಸ್ಥೆಗಾಗಿ 500 ಲಿವ್ರ್ (ಫ್ರಾನ್ಸಿನ ಹಳೆಯ ನಾಣ್ಯಲೆಕ್ಕ) ದತ್ತಿ ಕೊಟ್ಟ. ಹಣವಂತ ರೋಗಿಗಳ ಕೋಣೆ 1645ರಲ್ಲಿ ಸೇರ್ಪಡೆಯಾಯಿತು. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಔಷಧಾಲಯದ ಕೋಣೆಗೆ ಬರೋಣ. ಕಂಚಿನ ಕುಟ್ಟಾಣಿ, ಬಟ್ಟಿ ಇಳಿಸುವ ಪಾತ್ರೆ, ಗೋಡೆಯ ತುಂಬ 1782ರ ಕಾಲದ ಸುಮಾರು 130 ಪಿಂಗಾಣಿ ಭರಣಿಗಳು. ಔಷಧ ಅರೆದು ಕಲಸುತ್ತಿದ್ದವರು ಆಸ್ಪತ್ರೆಯ ಸನ್ಯಾಸಿನಿಯರೇ. ಭರಣಿಗಳ ಮೇಲಿನ ಹೆಸರುಗಳನ್ನು ಓದುತ್ತ ಹೋದರೆ ಒಂದರಲ್ಲಿ ಮರದ ಸಂದಿಯ ಹುಳುಗಳ ಪುಡಿ, ಇನ್ನೊಂದರಲ್ಲಿ ಸಿಗಡಿಯ ಕಣ್ಣು. ನಗುವ ಮೊದಲು ಯೋಚಿಸಬೇಕು: ಈ ಎರಡನೆಯದು ನಿಜವಾಗಿ ಕಣ್ಣಲ್ಲ, ಸಿಹಿನೀರಿನ ಸಿಗಡಿಯ ಜಠರದಲ್ಲಿ ಬೆಳೆಯುವ ಸುಣ್ಣದ ಹರಳು. ಹೊಟ್ಟೆಯ ಹುಳಿಗೆ ಸುಣ್ಣದ ಅಂಶ ಕೊಡುವುದು ಇಂದಿಗೂ ನಡೆಯುತ್ತದೆ.

ಮತ್ತೊಂದು ಭರಣಿಯ ಮುಂದೆ ನಮ್ಮವರು ನಿಂತೇ ನಿಲ್ಲಬೇಕು. ಅದು ನಕ್ಸ್ ವಾಮಿಕಾ, ಅಂದರೆ ನಮ್ಮ ಕಾಸರಕದ ಬೀಜದ ಪುಡಿ. ಕರಾವಳಿ ಮತ್ತು ಮಲೆನಾಡಿನ ಕಾಡಿನಲ್ಲಿ ಕಿತ್ತಳೆಯಂಥ ಕಹಿ ಹಣ್ಣು ಬಿಡುವ ಈ ಮರವನ್ನು ನಮ್ಮಲ್ಲಿ ಅನೇಕರು ಕಂಡಿದ್ದೀರಿ. ಅದರ ಬೀಜ ಗುಂಡಿಯಂತೆ ಚಪ್ಪಟೆ, ಮೇಲೆ ಬೂದು ಬಣ್ಣದ ರೇಷ್ಮೆಯಂಥ ನವುರು, ಒಳಗೆ ಸ್ಟ್ರಿಕ್ನಿನ್ ಎಂಬ ಕಡುವಿಷ. ಆಯುರ್ವೇದದಲ್ಲಿ ಅದನ್ನು ಶೋಧನೆ, ಅಂದರೆ ವಿಷ ತಗ್ಗಿಸುವ ಶುದ್ಧೀಕರಣ, ಮಾಡದೆ ಬಳಸುವುದಿಲ್ಲ. ಸ್ಟ್ರಿಕ್ನಿನ್ ಅನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಪೆಲ್ತಿಯೇ ಮತ್ತು ಕಾವಂತೂ ಬೇರ್ಪಡಿಸಿದ್ದು 1818ರಲ್ಲಿ. ಅದಕ್ಕಿಂತ ಮೊದಲು ಬೋನ್‌ನ ಸನ್ಯಾಸಿನಿ ಆ ಪುಡಿಯನ್ನು ತೂಗುವಾಗ ಅವಳ ಕೈಯ ಎಚ್ಚರವೊಂದೇ ರೋಗಿಗೂ ವಿಷಕ್ಕೂ ನಡುವೆ ಇತ್ತು.

ಇಷ್ಟೆಲ್ಲ ಐದು ಶತಮಾನ ನಡೆಯಲು ಹಣ ಎಲ್ಲಿಂದ ಬಂತು? ಪ್ರದರ್ಶನದಲ್ಲಿ ಎಲ್ಲಕ್ಕಿಂತ ಕಡಿಮೆ ಕಾಣುವ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಪ್ರಶ್ನೆ ಇದು. ರೋಲಾಂ ಕಟ್ಟಡ ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಸಲಾಂ ಊರಿನ ಉಪ್ಪಿನ ಬಾವಿಗಳಿಂದ ವರ್ಷಕ್ಕೆ 1000 ಲಿವ್ರ್ ಬರುವಂತೆ ಶಾಶ್ವತ ಆದಾಯ ಬಿಟ್ಟ. 1457ರಲ್ಲಿ ಗಿಯೆಮೆತ್ ಲೆವೆರ್ನಿಯೇ ಎಂಬ ಹೆಣ್ಣುಮಗಳು ಮೊದಲ ದ್ರಾಕ್ಷಿತೋಟ ದಾನ ಮಾಡಿದಳು. ಅಲ್ಲಿಂದ ತಲೆಮಾರಿನಿಂದ ತಲೆಮಾರಿಗೆ ತೋಟಗಳು ಸೇರುತ್ತ ಇಂದು ಸುಮಾರು 60 ಹೆಕ್ಟೇರ್ ಆಗಿದೆ. 1859ರಿಂದ ಆ ದ್ರಾಕ್ಷಾರಸವನ್ನು ಹರಾಜಿನಲ್ಲಿ ಮಾರುತ್ತಾರೆ, ಪ್ರತಿ ನವೆಂಬರ್ ತಿಂಗಳ ಮೂರನೆಯ ಭಾನುವಾರ. ಹಣ ಹೋಗುವುದು ಊರಿನ ಇಂದಿನ ಆಸ್ಪತ್ರೆಯ ಕಟ್ಟಡ ಮತ್ತು ಉಪಕರಣಗಳಿಗೆ.

ದತ್ತಿಭೂಮಿಯ ಈ ಲೆಕ್ಕ ನಮಗೆ ಹೊಸದಲ್ಲ. ರೋಲಾಂನ ಸಮಕಾಲೀನನೇ ಆದ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಷಾ, 1436ರಿಂದ 1458ರವರೆಗೆ ಆಳಿದವನು, ಬೀದರಿನಲ್ಲಿ ಆಸ್ಪತ್ರೆ ಕಟ್ಟಿಸಿ, ಔಷಧ ಮತ್ತು ಊಟದ ವೆಚ್ಚಕ್ಕೆ ಹಳ್ಳಿಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟು, ಹಿಂದೂ ಮತ್ತು ಮುಸ್ಲಿಂ ವೈದ್ಯರನ್ನು ನೇಮಿಸಿದ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಅದಕ್ಕೂ ಹಿಂದೆ, 1162ರ ಬಳ್ಳಿಗಾವೆಯ ಶಾಸನ ಅಲ್ಲಿನ ಕೋಡಿಯ ಮಠವನ್ನು ಅನಾಥ ರೋಗಿಗಳಿಗೆ ಔಷಧ ದೊರೆಯುವ ಜಾಗವೆಂದು ವರ್ಣಿಸುತ್ತದೆ. ಬೋನ್‌ಗೆ ಹೋಗುವ ಅವಕಾಶ ನಿಮ್ಮಲ್ಲಿ ಕೆಲವರಿಗೆ ಸಿಗಬಹುದು. ಬಳ್ಳಿಗಾವೆಗೆ ಹೋಗುವುದು ಎಲ್ಲರಿಂದಲೂ ಆಗುತ್ತದೆ. ಅಲ್ಲಿ ಉಳಿದಿರುವುದು ದೇವಾಲಯ ಮತ್ತು ಬರೆದ ಕಲ್ಲು. ಆದರೆ ಬೋನ್‌ನಲ್ಲಿ ಕೇಳುವ ಪ್ರಶ್ನೆಗಳನ್ನೇ ಆ ಕಲ್ಲಿನ ಮುಂದೆಯೂ ಕೇಳಬಹುದು: ಯಾವ ಭೂಮಿಯ ಆದಾಯ ಇದಕ್ಕೆ ಬರುತ್ತಿತ್ತು, ಅನ್ನ ಬೇಯಿಸುತ್ತಿದ್ದವರು ಯಾರು, ರೋಗಿ ಮಲಗುತ್ತಿದ್ದುದು ಎಲ್ಲಿ.