ಬಲ್ಮಠದಿಂದ ಬಜಪೆವರೆಗೆ: ಮಿಷನ್ ಗುರುಗಳನ್ನು ಕಳುಹಿಸಿಕೊಡುವಾಗ

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ನೀವು ನೋಡುತ್ತಿರುವುದು ಮಂಗಳೂರಿನ ಬಲ್ಮಠ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಮೊದಲ ಮೂವರು ಈ ಕರಾವಳಿಗೆ ಬಂದದ್ದು 1834ರಲ್ಲಿ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು, 1860ರಲ್ಲಿ ತಮ್ಮ ದೇಶಕ್ಕೆ ಮರಳಿದರು. ಆದರೆ 1847ರಲ್ಲಿ ಇಲ್ಲಿ ಶುರುವಾದ ಸೆಮಿನರಿ (ಗುರುಗಳ ತರಬೇತಿ ಶಾಲೆ) ಅವರು ಹೋದ ಮೇಲೂ ನಡೆಯಿತು. ಇಂದಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಅದರದೇ ಮುಂದುವರಿಕೆ. ಹಾಗಾಗಿ ಹೊರದೇಶದಿಂದ ಬಂದು ನಮ್ಮನ್ನು ಕೈಹಿಡಿದು ನಡೆಸಿದ ಅಯ್ಯನವರು, ಅಂದರೆ ಮಿಷನ್ ಗುರುಗಳು, ಹೊರಟು ನಿಂತಾಗ ಮೊದಲು ಕೇಳಬೇಕಾದದ್ದು, ಅವರ ಕೈಯಲ್ಲಿದ್ದ ಕೆಲಸ ಯಾರ ಕೈಗೆ ಬಂತು ಅಂತ. ಶಾಲು, ಹಾರ ಎಲ್ಲ ಆಮೇಲೆ.

ಒಂದು ತಿಂಗಳು ಮೊದಲೇ ಅವರ ಜೊತೆ ಕೂತು ಒಂದು ಪುಸ್ತಕ ಬರೆದಿಡಿ. ಯಾವ ಮನೆಗೆ ಯಾವಾಗ ಭೇಟಿ, ಯಾವ ಮಗುವಿನ ಫೀಸು ಯಾರು ಕಟ್ಟುತ್ತಾರೆ, ಯಾವ ಬೀಗದ ಕೀ ಎಲ್ಲಿದೆ. ಇವೆಲ್ಲ ಅವರ ತಲೆಯಲ್ಲಿ ಮಾತ್ರ ಇರುತ್ತವೆ. ಬ್ಯಾಂಕ್ ಖಾತೆಗೆ ಅವರ ಸಹಿ ಇದ್ದರೆ ಸಮಿತಿಯ ಠರಾವಿನ ಪ್ರತಿ, ಹೊಸಬರ ಕೆವೈಸಿ ಕೊಟ್ಟು ಈಗಲೇ ಬದಲಿಸಿ. ಹೆಚ್ಚಿನವರು ಮರೆಯುವುದು ಮೊಬೈಲ್ ನಂಬರ್. ಹಾಸ್ಟೆಲಿನ ಕರೆಂಟ್ ಬಿಲ್ಲು, ಇಮೇಲ್, ಬ್ಯಾಂಕು ಎಲ್ಲದರ ಒಟಿಪಿ ಅವರ ಸಿಮ್ಮಿಗೇ ಬರುತ್ತಿರುತ್ತದೆ. ಅವರು ವಿಮಾನ ಹತ್ತಿದ ಮರುದಿನ ಯಾವುದೂ ತೆರೆಯುವುದಿಲ್ಲ. ವೀಸಾದ ಕೊನೆಯ ದಿನಾಂಕವನ್ನೂ ನೋಡಿ. ಅವಧಿ ಮೀರಿದ್ದರೆ ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ಪೋರ್ಟಲ್ ಆದ ಇ-ಎಫ್‌ಆರ್‌ಆರ್‌ಒ ಮೂಲಕ ನಿರ್ಗಮನ ಪರವಾನಗಿ ಬೇಕಾಗುತ್ತದೆ.

ಬೀಳ್ಕೊಡುಗೆ ಸಭೆಯನ್ನು ಹೊರಡುವ ಹಿಂದಿನ ದಿನ ಇಡಬೇಡಿ. ಅವತ್ತು ಅವರ ಮನಸ್ಸು ಪೆಟ್ಟಿಗೆಯಲ್ಲೇ ಇರುತ್ತದೆ. ಒಂದು ವಾರ ಮೊದಲಿನ ಭಾನುವಾರ, ಆರಾಧನೆ ಮುಗಿದ ಕೂಡಲೇ ಸಾಕು. ಐದು ಮಂದಿ, ತಲಾ ಮೂರು ನಿಮಿಷ. ಅಡುಗೆ ಅಕ್ಕ, ಡ್ರೈವರಣ್ಣ, ಹಾಸ್ಟೆಲಿನ ಮಕ್ಕಳು ಮೊದಲು ಮಾತಾಡಲಿ, ಗಣ್ಯರು ಕೊನೆಗೆ. ಅಯ್ಯನವರನ್ನು ಹತ್ತಿರದಿಂದ ಕಂಡವರು ಇವರೇ. ಶಂಕರಪುರ ಮಲ್ಲಿಗೆ ಬೇಕಿದ್ದರೆ ಹಿಂದಿನ ದಿನವೇ ಹೇಳಿಡಿ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆ ಸೀಸನ್‌ನಲ್ಲಿ ದರ ಏರುತ್ತದೆ. ಒಬ್ಬರಿಗೆ ಒಂದು ಚೆಂಡು ಧಾರಾಳ.

ಉಡುಗೊರೆ ವಿಷಯದಲ್ಲಿ ಸ್ವಲ್ಪ ನಿಧಾನ. ಹಳೇ ಬಾಸೆಲ್ ಮಿಷನ್ ಹೆಂಚು ಕೊಡೋಣ ಅಂತ ಬಹಳ ಜನರಿಗೆ ಅನಿಸುತ್ತದೆ. 1865ರಲ್ಲಿ ಶುರುವಾದ ಕಾರ್ಖಾನೆಯದು, ಚೆಂದವೇ. ಆದರೆ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ನೂರು ವರ್ಷ ದಾಟಿದ ಪುರಾತನ ವಸ್ತುಗಳು, 75 ವರ್ಷ ದಾಟಿದ ಐತಿಹಾಸಿಕ ಹಸ್ತಪ್ರತಿ, ದಾಖಲೆಗಳು ದೇಶ ಬಿಟ್ಟು ಹೋಗುವಂತಿಲ್ಲ. ಕಸ್ಟಮ್ಸ್‌ನಲ್ಲಿ ಅಯ್ಯನವರು ಉತ್ತರ ಹೇಳುವ ಹಾಗಾಗಬಾರದು. ಕೊಬ್ಬರಿಯೂ ಬೇಡ, ಎಣ್ಣೆಯಂಶ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತದೆ ಅಂತ ಲಗೇಜಿನಿಂದ ತೆಗೆಸುತ್ತಾರೆ. ಹುರಿದ ಗೇರುಬೀಜ, ಹಲಸಿನ ಹಪ್ಪಳ ಹೋಗುತ್ತವೆ. ಕೋರಿರೊಟ್ಟಿಯ ರೊಟ್ಟಿಯಾದರೆ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ ಜೋಡಿಸಿ, ಸಂದಿಗೆ ಪೇಪರ್ ತುರುಕಿ; ಮಲಗಿಸಿಟ್ಟರೆ ಮೇಲಿನ ಭಾರಕ್ಕೆ ಪುಡಿಯಾಗುತ್ತದೆ.

ನನ್ನ ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಕೈಬರಹದ ಪತ್ರಗಳು. ಒಂದು ಎ4 ಹಾಳೆ ಐದು ಗ್ರಾಂ. ನೂರು ಜನ ಬರೆದರೂ ಅರ್ಧ ಕೆ.ಜಿ. ಹಾಳೆಯ ಹಿಂದೆ ಬರೆದವರ ಹೆಸರು, ಊರು, ಯಾವ ವರ್ಷದ ವಿದ್ಯಾರ್ಥಿ ಅಂತ ಹಾಕಿಸಿ. ವಯಸ್ಸಾದಾಗ ಹೆಸರು ನೆನಪಿಗೆ ಬರುವುದು ಕಷ್ಟ.

ಯುರೋಪಿಗೆ ಮಂಗಳೂರಿನಿಂದ ನೇರ ವಿಮಾನ ಇಲ್ಲ. ಟಿಕೆಟ್ ಬೇರೆ ಬೇರೆ ಮಾಡಿಸಿದ್ದರೆ ನಡುವೆ ಲಗೇಜ್ ಇಳಿಸಿ ಮತ್ತೆ ಕೊಡಬೇಕಾಗುತ್ತದೆ, ಒಂದೇ ಟಿಕೆಟ್ ಒಳ್ಳೆಯದು. ಉಡುಪಿಯಿಂದ ಹೊರಡುವವರು ಕೂಳೂರು ಸೇತುವೆಯ ದಟ್ಟಣೆಗೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಬಜಪೆಯ ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ, ಹಾಗಾಗಿ ಪ್ರಾರ್ಥನೆ ಮನೆಯಲ್ಲೇ ಮುಗಿಸಿ.

ಅವರು ಮುಟ್ಟಿದ ಮೇಲೆ ಫೋನ್ ಮಾಡುವವರಿಗೆ ಒಂದು ಲೆಕ್ಕ: ನಮ್ಮ ರಾತ್ರಿ ಒಂಬತ್ತಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ಚಳಿಗಾಲವಾದರೆ ಸಂಜೆ ನಾಲ್ಕೂವರೆ, ಬೇಸಿಗೆಯಲ್ಲಿ ಐದೂವರೆ. ಮೊದಲ ವಾರ ಕೆಲಸದ ಪ್ರಶ್ನೆ ಕೇಳಬೇಡಿ, ಕ್ಷೇಮ ವಿಚಾರಿಸಿ ಸಾಕು.