ಚದುರಂಗ ಕಲಿಯುವವರ ಮೊದಲ ತಿಂಗಳು

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಕಲಬುರಗಿಯಲ್ಲಿ ಬೇಸಿಗೆ ಬಂತು ಅಂದರೆ ಬೆಳಗ್ಗೆ ಹನ್ನೊಂದರ ಮೇಲೆ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಮನೆಯೊಳಗೆ ಕೂತು ಆಡುವ ಆಟ ಬೇಕು ಅಂತಲೇ ಚದುರಂಗ ಕಲಿಯಲು ಇಲ್ಲಿಗೆ ಬಂದವರು ಜಾಸ್ತಿ ಇದ್ದೀರಿ. 2024ರ ಡಿಸೆಂಬರ್‌ನಲ್ಲಿ ಗುಕೇಶ್ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲೆ ಈ ಆಸೆ ಇನ್ನೂ ಬೆಳೆದಿದೆ. ಬೆಳೆಯಲಿ. ಆದರೆ ಮೊದಲ ತಿಂಗಳು ಏನು ಕಲಿಸಬೇಕು ಅನ್ನುವುದರ ಬಗ್ಗೆ ನನಗೆ ಗಟ್ಟಿಯಾದ ಒಂದು ಅಭಿಪ್ರಾಯ ಇದೆ. 32 ಕಾಯಿಗಳನ್ನೂ ಒಮ್ಮೆಲೇ ಮಗುವಿನ ಮುಂದೆ ಜೋಡಿಸಬೇಡಿ.

ಸಾಮಾನ್ಯವಾಗಿ ಏನಾಗುತ್ತದೆ? ಆರು ಥರದ ಕಾಯಿಗಳ ನಡೆಯನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುತ್ತೇವೆ. ಆಮೇಲೆ ಮಗು ಮೊಬೈಲ್ ನೋಡಿ ನಾಲ್ಕೇ ನಡೆಯಲ್ಲಿ ರಾಜನನ್ನು ತಪ್ಪಿಸಿಕೊಳ್ಳದಂತೆ ಹಿಡಿಯುವ ಚೆಕ್‌ಮೇಟ್ ಕಲಿತು ಬರುತ್ತದೆ. (ಬೋರ್ಡಿನ ಉದ್ದ ಸಾಲುಗಳಿಗೆ ಬಿಳಿಯ ಎಡಗಡೆಯಿಂದ ಎ, ಬಿ, ಸಿ ಹೀಗೆ ಎಚ್‌ವರೆಗೆ, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಹೆಸರು; ಎರಡೂ ಸೇರಿದರೆ ಮನೆಯ ಹೆಸರು.) ಬಿಳಿ ರಾಜನ ಮುಂದಿನ ಪ್ಯಾದೆ ಎರಡು ಮನೆ ಮುಂದೆ, ಮಂತ್ರಿ ಎಚ್5ಕ್ಕೆ, ಒಂಟೆ ಸಿ4ಕ್ಕೆ, ಕೊನೆಗೆ ಮಂತ್ರಿ ಎಫ್7ರ ಮೇಲೆ. ಆಟದ ಶುರುವಿನಲ್ಲಿ ಎಫ್7 ಮನೆಯನ್ನು ಕಾಯುವುದು ಕಪ್ಪು ರಾಜ ಒಬ್ಬನೇ. ಅದಕ್ಕೇ ಅಲ್ಲಿಗೆ ಏಟು. ಓಣಿಯ ಗೆಳೆಯರೆಲ್ಲ ಇದಕ್ಕೆ ಬೀಳುತ್ತಾರೆ, ಮಗುವಿಗೆ ತಾನು ಗೆದ್ದೆ ಅನಿಸುತ್ತದೆ. ಮುಂದೆ ಯಾರೋ ಒಬ್ಬರು ಕುದುರೆಯನ್ನು ಸಿ6ಕ್ಕೆ ತಂದು ತಮ್ಮ ಇ5 ಪ್ಯಾದೆಯನ್ನು ಕಾಯುತ್ತಾರೆ. ಒಂಟೆ ಬಂದ ಕೂಡಲೇ ಜಿ7 ಪ್ಯಾದೆಯನ್ನು ಒಂದು ಮನೆ ನಡೆಸಿ ಮಂತ್ರಿಯನ್ನೇ ಓಡಿಸುತ್ತಾರೆ. ಅಲ್ಲಿಗೆ ಮಗುವಿನ ಹತ್ತಿರ ಇದ್ದ ವಿದ್ಯೆ ಮುಗಿಯಿತು. ಎಷ್ಟೋ ಮಕ್ಕಳು ಆಟ ಬಿಡುವುದು ಇಲ್ಲೇ. ಅದು ನನಗೆ ತುಂಬಾ ಬೇಸರದ ಸಂಗತಿ.

ಅದರ ಬದಲು ಬೋರ್ಡ್ ಹಾಸಿ ಪ್ಯಾದೆಗಳನ್ನು ಮಾತ್ರ ಇಡಿ. ಈ ಕಡೆ ಎಂಟು, ಆ ಕಡೆ ಎಂಟು. ಯಾರ ಪ್ಯಾದೆ ಮೊದಲು ಆಚೆ ದಡ ಮುಟ್ಟುತ್ತದೋ ಅವರು ಗೆದ್ದಂತೆ. ಇಷ್ಟೇ ನಿಯಮ. ಪ್ಯಾದೆ ನೇರ ನಡೆಯುತ್ತದೆ, ಓರೆಯಾಗಿ ಹೊಡೆಯುತ್ತದೆ, ಹಿಂದಕ್ಕೆ ಬರುವುದಿಲ್ಲ ಅನ್ನುವುದು ಆಡುತ್ತಾ ಆಡುತ್ತಾ ಕೈಗೆ ಹತ್ತುತ್ತದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ‘ನಾನು ಇದನ್ನು ನಡೆಸಿದರೆ ಅವನು ಏನು ಮಾಡುತ್ತಾನೆ’ ಅಂತ ಮಗು ತಾನಾಗಿಯೇ ಕೇಳಿಕೊಳ್ಳಲು ಶುರು ಮಾಡುತ್ತದೆ. ಕಾಯಿ ಕಡಿಮೆ ಇದ್ದಾಗ ಆ ಪ್ರಶ್ನೆಗೆ ಉತ್ತರವೂ ಸಿಗುತ್ತದೆ, ಅಲ್ವಾ?

ಆಮೇಲೆ ಇಬ್ಬರು ರಾಜರು ಮತ್ತು ಒಂದೇ ಒಂದು ಪ್ಯಾದೆ. ಇದರಲ್ಲಿ ಸ್ವಲ್ಪ ದಿನ ಇರಿ, ಅವಸರ ಬೇಡ. ಎದುರು ರಾಜನ ಮುಂದೆ ನಿಮ್ಮ ರಾಜ, ಮಧ್ಯೆ ಒಂದೇ ಮನೆ ಖಾಲಿ. ಈಗ ಯಾರ ಸರದಿಯೋ ಅವರು ದಾರಿ ಬಿಡಬೇಕು, ಯಾಕೆಂದರೆ ರಾಜ ರಾಜನ ಪಕ್ಕಕ್ಕೆ ಬರುವ ಹಾಗಿಲ್ಲ. ಇದು ಗೊತ್ತಾದ ದಿನ ಮಗುವಿನ ಮುಖ ನೋಡಬೇಕು ನೀವು! ಪ್ಯಾದೆಯನ್ನು ಸುಮ್ನೆ ಮುಂದೆ ದಬ್ಬಿದರೆ ಆಗದು, ರಾಜನೇ ಮುಂದೆ ಹೋಗಿ ದಾರಿ ಮಾಡಬೇಕು. ಬಿಳಿ ರಾಜ ಆರನೇ ಸಾಲಿಗೆ ಹೋಗಿ, ಅವನ ಹಿಂದೆಯೇ ಪ್ಯಾದೆ ಇದ್ದರೆ ಸರದಿ ಯಾರದಾದರೂ ಗೆಲುವು ಬಿಳಿಯದೇ. ಎ ಮತ್ತು ಎಚ್ ಅನ್ನುವ ಅಂಚಿನ ಎರಡು ಉದ್ದ ಸಾಲುಗಳ ಪ್ಯಾದೆಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. 1921ರಿಂದ 1927ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಕ್ಯೂಬಾದ ಕಪಾಬ್ಲಾಂಕ ಕೂಡ ಆಟದ ಕೊನೆಯ ಭಾಗವನ್ನೇ ಮೊದಲು ಕಲಿಯಿರಿ ಅನ್ನುತ್ತಿದ್ದರು.

ಮುಂದೆ ಎರಡು ಆನೆ ಕೊಟ್ಟು ಒಂಟಿ ರಾಜನನ್ನು ಹಿಡಿಯಲು ಹೇಳಿ. ಒಂದು ಆನೆ ಸಾಲನ್ನು ಮುಚ್ಚುತ್ತದೆ, ಇನ್ನೊಂದು ಮುಂದಿನ ಸಾಲಿಗೆ ಬಂದು ಚೆಕ್ ಕೊಡುತ್ತದೆ, ಅಂದರೆ ರಾಜನ ಮೇಲೆ ಗುರಿ ಇಡುತ್ತದೆ. ಹೀಗೆ ರಾಜನನ್ನು ಅಂಚಿಗೆ ನೂಕುತ್ತಾ ಹೋಗುವುದು. ರಾಜ ಆನೆಯ ಹತ್ತಿರ ಬಂದರೆ ಆನೆಯನ್ನು ಅದೇ ಸಾಲಿನಲ್ಲಿ ಆ ತುದಿಗೆ ಸರಿಸಿಬಿಡಿ. ಮಂತ್ರಿಯಿಂದ ಹಿಡಿಯುವಾಗ ಎಚ್ಚರ. ಚೆಕ್ ಇಲ್ಲದೆ ಎದುರಾಳಿಗೆ ನಡೆಯೇ ಇಲ್ಲದಂತೆ ಮಾಡಿದರೆ ಆಟ ಡ್ರಾ, ಗೆಲ್ಲುವ ಆಟ ಕೈತಪ್ಪುತ್ತದೆ.

ಕುದುರೆಯನ್ನು ಕಲಿಸುವಾಗ ಅದನ್ನು ಬೇರೆ ಬೇರೆ ಕಡೆ ಇಟ್ಟು ಮನೆ ಎಣಿಸಲು ಹೇಳಿ. ಖಾಲಿ ಬೋರ್ಡಿನ ಮೂಲೆಯಲ್ಲಿ ಅದಕ್ಕೆ 2 ಮನೆ, ನಡುವೆ 8. ಒಂಟೆಗೆ ಮೂಲೆಯಲ್ಲಿ 7, ನಡುವೆ 13. ಆನೆಗೆ ಮಾತ್ರ ಎಲ್ಲಿ ನಿಂತರೂ 14. ‘ಕಾಯಿಗಳನ್ನು ನಡುವಿಗೆ ತನ್ನಿ’ ಅಂತ ನೂರು ಸಲ ಹೇಳುವ ಬದಲು ಒಮ್ಮೆ ಎಣಿಸಿದರೆ ಸಾಕು.

ಹಿರಿಯರು ಒಂದು ಮಾತು ಕೇಳಬಹುದು: ನಮ್ಮ ಮನೆಯಲ್ಲಿ ಪ್ಯಾದೆ ಒಂದೇ ಮನೆ ನಡೆಯುತ್ತಿತ್ತು, ರಾಜ ಒಂದು ಸಲ ಕುದುರೆಯ ಹಾಗೆ ಹಾರುತ್ತಿದ್ದ, ಅದು ತಪ್ಪಾ? ತಪ್ಪಲ್ಲ. ಅದು ನಮ್ಮ ದೇಶದ ಹಳೆಯ ಪದ್ಧತಿ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಆ ಪದ್ಧತಿಯಲ್ಲೇ ಬೆಳೆದವರು. ಆಮೇಲೆ ಹೊಸ ನಿಯಮ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ನಮ್ಮ ಸೀಮೆಗೂ ಈ ಆಟ ಹೊಸದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಿಂದ, ಅಂದರೆ ಪಕ್ಕದ ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣದಿಂದ, ಆಳಿದ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಚದುರಂಗವನ್ನು ವಿವರಿಸಿದ್ದಾನೆ. ಮನೆಯ ಆಟ ಮನೆಯಲ್ಲಿ ಇರಲಿ. ಟೂರ್ನಮೆಂಟ್‌ಗೆ ಹೋಗುವ ಮಗುವಿಗೆ ಮಾತ್ರ ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜ ಆನೆಯ ಕಡೆ ಎರಡು ಮನೆ ಸರಿದು, ಆನೆ ಅವನ ಆಚೆ ಪಕ್ಕಕ್ಕೆ ಬರುವುದು) ಮತ್ತು ಮುಟ್ಟಿದ ಕಾಯಿಯನ್ನೇ ನಡೆಸುವ ನಿಯಮ ಮೊದಲೇ ತಿಳಿದಿರಲಿ.

ಮೊಬೈಲ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಚದುರಂಗ ಆಡುವ ಲಿಚೆಸ್ ಅನ್ನುವ ಜಾಲತಾಣ ಪೂರ್ತಿ ಉಚಿತ, ಜಾಹೀರಾತೂ ಇಲ್ಲ, ಸಮಸ್ಯೆ ಬಿಡಿಸಲು ಚೆನ್ನಾಗಿದೆ. ಆದರೆ ಮೂರು ನಿಮಿಷದ ಆಟ ಹೊಸಬರಿಗೆ ಬೇಡ. ಅದರಲ್ಲಿ ಬೆರಳು ಓಡುತ್ತದೆ, ಯೋಚನೆ ಓಡುವುದಿಲ್ಲ. ಕಡಿಮೆ ಅಂದರೂ ತಲಾ ಹದಿನೈದು ನಿಮಿಷ ಇರಲಿ.

ಅಮ್ಮಂದಿರಿಗೆ ಒಂದು ಮಾತು. ಮಗುವನ್ನು ಇಲ್ಲಿ ಬಿಟ್ಟು ಹೊರಗೆ ಕಾಯಬೇಡಿ, ನೀವೂ ಕಲಿಯಿರಿ. ಮಗಳಿಗೂ ಕಲಿಸಿ, ಮಗನಿಗೆ ಮಾತ್ರ ಅಲ್ಲ. 2025ರಲ್ಲಿ ಮಹಿಳಾ ವಿಶ್ವಕಪ್ ಗೆದ್ದ ದಿವ್ಯಾ ದೇಶಮುಖ್ ನಾಗಪುರದವರು. ಫೈನಲ್‌ನಲ್ಲಿ ಅವರ ಎದುರು ಕೂತಿದ್ದವರು ಆಂಧ್ರದ ಕೊನೇರು ಹಂಪಿ. ಒಬ್ಬರು ನಮ್ಮ ಉತ್ತರಕ್ಕೆ, ಇನ್ನೊಬ್ಬರು ಪೂರ್ವಕ್ಕೆ. ನಡುವೆ ಇರುವ ನಮ್ಮ ಊರುಗಳಿಂದಲೂ ಹುಡುಗಿಯರು ಆಡಲು ಬರಲಿ ಅನ್ನುವುದು ನನ್ನ ದೊಡ್ಡ ಆಸೆ.

ಹಿಂದಿನ ಮೇಜುಗಳ ಮೇಲೆ ಬೋರ್ಡ್ ಹಾಸಿದ್ದೇವೆ, ಪ್ಯಾದೆಗಳನ್ನು ಮಾತ್ರ ಇಟ್ಟಿದ್ದೇವೆ. ಬಲಗೈ ಮೂಲೆಯಲ್ಲಿ ಬಿಳಿ ಮನೆ ಇದೆಯಾ ನೋಡಿಕೊಂಡು ಇಬ್ಬಿಬ್ಬರು ಕೂತುಕೊಳ್ಳಿ. ಮಗುವಿನ ಎದುರು ಅಪ್ಪನೋ ಅಮ್ಮನೋ ಇರಲಿ. ಮೊದಲ ನಡೆ ಬಿಳಿಯದು.